ಮುಚ್ಚಳದೊಳಗಿನ ಮುತ್ತಜ್ಜ

ಸಿಂಧನೂರಿನ ನಮ್ಮ ಓಣಿಗೆ ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಬಂದ ದಿನ ಮನೆಯಲ್ಲಿ ತೊಳೆಯಲು ಬರುವುದನ್ನೆಲ್ಲ ತೊಳೆಯುವುದು ನನ್ನ ನೇಮ. ಅವತ್ತು ಬೆಳಿಗ್ಗೆ ಅಂಗಳದಲ್ಲಿ ಕೂತು ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನ ಜುಂಗಿನಿಂದ ತಿಕ್ಕುತ್ತಿದ್ದೆ. ಕಪ್ಪಗೆ, ಗುಂಡಗೆ, ಜೋಳದ ರೊಟ್ಟಿಯಷ್ಟು ಅಗಲದ ಮುಚ್ಚಳ. ನಡುವೆ ಒಂದು ತೂತು. ಅದಕ್ಕೆ ಅರಿವೆ ತುರುಕಿ, ಮೇಲೆ ಕಲ್ಲು ಹೇರಿ ಹನ್ನೆರಡು ವರ್ಷ ಬಳಸಿದ್ದೆ. ಒಂದು ವರ್ಷವೂ ಉಪ್ಪಿನಕಾಯಿಗೆ ಬೂಸು ಹಿಡಿದಿಲ್ಲ. ನಮ್ಮ ಅತ್ತೆ ಹೋಗುವ ಮೊದಲು ಭರಣಿ, ಮುಚ್ಚಳ ಎರಡನ್ನೂ ನನ್ನ ಕೈಗೆ ಕೊಟ್ಟು, "ಒಡೀಬ್ಯಾಡ ತಾಯಿ, ಹಿರಿಯರದು" ಅಂದಿದ್ದರು. ಹಿರಿಯರದು ಅಂದದ್ದು ಭರಣಿಗೋ ಮುಚ್ಚಳಕ್ಕೋ ಎಂದು ನಾನು ಕೇಳಲಿಲ್ಲ. ಸೊಸೆಯಾದವಳು ಕೇಳಬೇಕಾದದ್ದನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮುಂದಿನದೇ ಸಾಕ್ಷಿ.

"ಅರೆ ಭಾಬೀ! ಬಿಡ್ರಿ, ಬಿಡ್ರಿ! ಕೈ ತಗೀರಿ!"

ಚೇಳು ಬಂತೆಂದು ನಾನು ಮುಚ್ಚಳವನ್ನು ಅಲ್ಲೇ ಬಿಟ್ಟು ಹಾರಿ ನಿಂತೆ. ಬಂದವನು ಜಾಹೀದ್. ಬಸ್‌ ಸ್ಟ್ಯಾಂಡಿನ ಹಿಂದೆ ಅವನ ಮೈಕ್‌ ಸೆಟ್‌ ಅಂಗಡಿ. ಬಿಡುವಿದ್ದಾಗ ಫ್ಯಾನು, ಮಿಕ್ಸಿ ರಿಪೇರಿ. ನಮ್ಮ ಫ್ಯಾನನ್ನು ಹೆಗಲ ಮೇಲೆ ಹೊತ್ತು ತಂದವನು, ಅದನ್ನು ತುಳಸಿಕಟ್ಟೆಯ ಮೇಲಿಟ್ಟು, ನನ್ನ ಮುಚ್ಚಳವನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ.

"ಇದು ರಿಕಾರ್ಡ್ ಅದ ಭಾಬಿ. ಹಾಡಿನ ಪ್ಲೇಟು. ನಮ್ಮ ದಾದಾನ ಕಾಲದ್ದು. ಇದಕ್ಕ ಯಾರರೆ ಹುಣಸಿಹಣ್ಣು ಹಚ್ತಾರೇನ್ರಿ?"

ಒಳಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ ನಮ್ಮ ಯಜಮಾನರು ಅರ್ಧ ಮುಖದ ನೊರೆಯಲ್ಲೇ ಹೊರಗೆ ಬಂದರು. ಅವರ ಹೆಸರು ಜಂಬಣ್ಣ. ಅಕ್ಕಿ ಗಿರಣಿಗಳ ಸಾಲಿನಲ್ಲಿರುವ ಕಾಟಾದಲ್ಲಿ, ಎಂದರೆ ಲಾರಿ ತೂಗುವ ಜಾಗದಲ್ಲಿ, ಅವರ ಕೆಲಸ. ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆದರೆ ಉಳಿದದ್ದೇ ಭತ್ತ. ಇಷ್ಟು ಸರಳವಾದ ವಿದ್ಯೆಯನ್ನು ಇಪ್ಪತ್ತು ವರ್ಷ ಮಾಡಿದ ಮನುಷ್ಯ ಮನೆಯಲ್ಲಿ ಮಾತ್ರ ಯಾವುದರ ತೂಕವನ್ನೂ ಸರಿಯಾಗಿ ಹೇಳಿದವರಲ್ಲ.

ಮುಚ್ಚಳ ನೋಡಿ ಅವರ ಕಣ್ಣು ತುಂಬಿ ಬಂತು. "ಅಜ್ಜನ ದನಿ!" ಅಂದರು.

ಇದರ ಹಿಂದೆ ಒಂದು ಕಥೆ ಇದೆ. ಇವರ ಅಜ್ಜ ಗ್ಯಾನಪ್ಪ ತತ್ವಪದ ಹಾಡುವುದರಲ್ಲಿ ದೊಡ್ಡ ಹೆಸರು. ಒಂದು ಸಲ ಹಟ್ಟಿಯ ಚಿನ್ನದ ಗಣಿಯಲ್ಲಿದ್ದ ಒಬ್ಬ ಬಿಳಿ ದೊರೆ ಅಜ್ಜನನ್ನು ಬಂಗಲೆಗೆ ಕರೆಸಿ ಒಂದು ಇಡೀ ದಿನ ಹಾಡಿಸಿ, ಬರುವಾಗ ಕೈಗೆ ಒಂದು ಕಪ್ಪು ತಾಟು ಕೊಟ್ಟು ಕಳಿಸಿದನಂತೆ. ಹಾಡಿಸಿದ್ದು ನಿಜ, ತಾಟು ಕೊಟ್ಟದ್ದೂ ನಿಜ. ಆದ್ದರಿಂದ ಆ ತಾಟಿನಲ್ಲಿ ಅಜ್ಜನ ಹಾಡೇ ಇದೆ ಎಂದು ನಮ್ಮ ಮನೆತನ ಎರಡು ತಲೆಮಾರು ನಂಬಿತ್ತು. ತಾಟು ಎಲ್ಲಿ ಹೋಯಿತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯವರು ಯಾರಿಗೂ ಹೇಳದೆ ಅದನ್ನು ಒಂದು ಒಳ್ಳೆಯ ಕೆಲಸಕ್ಕೆ ಹಚ್ಚಿದ್ದರು.

ಮಧ್ಯಾಹ್ನಕ್ಕೆ ಜಾಹೀದ್ ತನ್ನ ದಾದಾನ, ಎಂದರೆ ಅಜ್ಜನ, ಚಾವಿ ಕೊಡುವ ಗ್ರಾಮಫೋನನ್ನು ಆಟೋದಲ್ಲಿ ತಂದ. ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿದರು. ತಾಟಿನ ಒಂದು ಮೈ ಉಪ್ಪಿನಕಾಯಿಯ ಎಣ್ಣೆ, ಖಾರ ಕುಡಿದು ಹಾಳಾಗಿತ್ತು. ನಡುವಿನ ಚೀಟಿ ಎಂದೋ ಉದುರಿಹೋಗಿತ್ತು. ಜಾಹೀದ್ ಇನ್ನೊಂದು ಮೈ ತಿರುಗಿಸಿ ಮುಳ್ಳು ಇಟ್ಟ.

ಮೊದಲು ಒಗ್ಗರಣೆ ಚಟಪಟ ಅಂದಂತಾಯಿತು. ಆಮೇಲೆ ಒಂದು ತಂತಿ ನರಳಿತು, ಯಾರೋ ಅದರ ಮೇಲೆ ಗಾಜಿನ ಚೂರು ಎಳೆದ ಹಾಗೆ. ಅದರ ಕೆಳಗೆ ಕಾಲು ಕುಟ್ಟುವ ಸಪ್ಪಳ. ಆಮೇಲೆ ಒಬ್ಬ ಗಂಡಸಿನ ದನಿ. ದಪ್ಪವೂ ಅಲ್ಲ, ತೆಳುವೂ ಅಲ್ಲ; ಬಿಸಿಲಲ್ಲಿ ಬಹಳ ದೂರ ನಡೆದು ಬಂದು ನೀರು ಕೇಳುವವನ ದನಿ. ಒಂದು ಸಾಲು ಹೇಳಿದ, ಅದನ್ನೇ ತಿರುಗಿ ಹೇಳಿದ, ಮೂರನೆಯ ಸಾಲಿಗೆ ಎಲ್ಲೋ ಇಳಿದುಹೋದ. ನಡುವೆ ಒಂದು ಕಡೆ ಮುಳ್ಳು ಸಿಕ್ಕಿಬಿದ್ದು ಅದೇ ಸಾಲು ಮತ್ತೆ ಮತ್ತೆ ಬಂತು. ಆ ಗೀರು ನನ್ನ ಜುಂಗಿನದು ಎಂದು ನನಗೆ ತಕ್ಷಣ ತಿಳಿಯಿತು.

"ಅಣ್ಣಾ, ಇದು ತಂಬೂರಿ ಅಲ್ಲ, ಗಿಟಾರ್ ಅದ" ಎಂದ ಜಾಹೀದ್.

"ಹಳೇ ಮಶೀನಿನ್ಯಾಗ ತಂಬೂರಿ ಹಂಗs ಕೇಳ್ತೈತಿ ಮಾರಾಯ" ಎಂದರು ಇವರು, ಜನ್ಮವಿಡೀ ರೆಕಾರ್ಡಿಂಗ್ ಕಂಪನಿಯಲ್ಲೇ ದುಡಿದವರಂತೆ.

ನನ್ನ ಮಗಳು ಶಿವರಂಜನಿ, ಆರನೆಯ ಇಯತ್ತೆ, ನನ್ನ ಸೆರಗು ಜಗ್ಗಿದಳು. "ಅವ್ವಾ, ಒಂದು ಕೇಳ್ಲಾ? ಇದು ಇಂಗ್ಲಿ..."

ನಾನು ಅವಳ ಬಾಯಿಗೆ ಒಂದು ತುಂಡು ಬೆಲ್ಲ ಹಾಕಿದೆ. ಯಾಕೆಂದರೆ ಅಷ್ಟರಲ್ಲಿ ಇವರ ಮುಖ ನೋಡಿದ್ದೆ. ಮದುವೆಯಾದಾಗಿನಿಂದ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ.

ಅದಕ್ಕೂ ಕಾರಣ ಇದೆ. ಲಿಂಗಸುಗೂರಿನಲ್ಲಿ ಇವರ ದೊಡ್ಡಪ್ಪನ ಮಗ ಸಿದ್ದಲಿಂಗೇಶ ಇದ್ದಾನೆ. ಗುತ್ತಿಗೆದಾರ. ಎರಡು ಜೆಸಿಬಿ, ಬಿಳಿ ಪ್ಯಾಂಟು. ಮದುವೆ, ಸೀಮಂತ, ತಿಥಿ ಎಲ್ಲೇ ಇರಲಿ, ಇವರನ್ನು ಕಂಡ ಕೂಡಲೆ, "ಏನೋ ಕಾಟಾ, ಇವತ್ತೆಷ್ಟು ತೂಗಿದಿ?" ಎಂದು ಎಲ್ಲರೆದುರು ಕೂಗುತ್ತಾನೆ. ಎಲ್ಲರೂ ನಗುತ್ತಾರೆ. ಇವರೂ ನಗುತ್ತಾರೆ. ನಕ್ಕು ಬಂದು ಚಪ್ಪಲಿ ಬಿಡುವ ಜಾಗದ ಹತ್ತಿರ ಕೂರುತ್ತಾರೆ. ಅಜ್ಜನ ದನಿ ಸಿಕ್ಕಿತೆಂದರೆ ಆ ಒಂದು ಸಂಗತಿಯಾದರೂ ಸಿದ್ದಲಿಂಗೇಶನದಾಗದೆ ಇವರದಾಗುತ್ತಿತ್ತು. ಇದನ್ನು ಬೆಲ್ಲ ತಿನ್ನುವ ಮಗುವಿಗೆ ಹೇಗೆ ತಿಳಿಸುವುದು?

ಮರುದಿನ ಇವರು ನಿವೃತ್ತ ಕನ್ನಡ ಮಾಸ್ತರರಾದ ಕರಿಬಸಯ್ಯನವರನ್ನು ಕರೆತಂದರು. ತತ್ವಪದಕ್ಕೆ ಅರ್ಥ ಹೇಳುವುದರಲ್ಲಿ ಈ ಸೀಮೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಳ್ಳು ಸಿಕ್ಕಿಬಿದ್ದ ಜಾಗದಲ್ಲಿ ಬೆರಳು ಮಡಚಿದರು.

"ಹದಿನೇಳು ಸಲ! ಒಂದೇ ಸಾಲು ಹದಿನೇಳು ಸಲ! ಜಂಬಣ್ಣಾ, ಇದು ಜಪ. ಸಾಮಾನ್ಯರಿಗೆ ಬರೂದಲ್ಲ."

"ಅರ್ಥ ಏನ್ರಿ ಮಾಸ್ತರ?" ಎಂದು ನೆರೆಮನೆಯ ಪೀರ್‌ಬೀ ಕೇಳಿದಳು.

"ತಿಳೀತೇನು ನಿನಗ?"

"ಒಂದು ಅಕ್ಷರನೂ ಇಲ್ರಿ."

"ಅದs ಅರ್ಥ! ತಿಳಿದ್ರ ಅದು ತತ್ವಪದ ಹೆಂಗಾಗ್ತೈತಿ? ಕಪ್ಪಿ ಹಾವು ನುಂಗಿತು ಅಂದ್ರ ಕಪ್ಪೀನೂ ಅಲ್ಲ, ಹಾವೂ ಅಲ್ಲ. ಇವರು ಕಪ್ಪಿ, ಹಾವು ಎರಡೂ ಬಿಟ್ಟು ಮುಂದ ಹೋಗ್ಯಾರ. ಮಾತs ಬಿಟ್ಟಾರ. ಆ ಕಾಲ ಕುಟ್ಟೂ ಸಪ್ಪಳ ಐತೆಲ್ಲ, ಅದು ಮೂಲಾಧಾರ."

ಪೀರ್‌ಬೀ ಸೆರಗು ತಲೆಗೆ ಎಳೆದುಕೊಂಡು ಗ್ರಾಮಫೋನಿಗೆ ಕೈ ಮುಗಿದಳು. ರಂಜನಿ ನನ್ನ ಕಡೆ ನೋಡಿದಳು. ನಾನು ಬೆಲ್ಲದ ಡಬ್ಬಿಯ ಕಡೆ ನೋಡಿದೆ.

ಸುದ್ದಿ ಲಿಂಗಸುಗೂರು ಮುಟ್ಟಲು ಒಂದು ದಿನ ಸಾಕಾಯಿತು. ಸಿದ್ದಲಿಂಗೇಶ ಕಾರು ತಂದು ಬಾಗಿಲಿಗೆ ನಿಲ್ಲಿಸಿ, ಜೀವಮಾನದಲ್ಲಿ ಮೊದಲ ಸಲ ಇವರನ್ನು "ತಮ್ಮಾ" ಅಂದ. ಮಸ್ಕಿಯಲ್ಲಿ ಅವನದೇ ಗುತ್ತಿಗೆಯಲ್ಲಿ ಒಂದು ಸಮುದಾಯ ಭವನ ಎದ್ದಿತ್ತು. ಹೆಸರು ಇನ್ನೂ ಇಟ್ಟಿರಲಿಲ್ಲ. "ಗ್ಯಾನಪ್ಪಜ್ಜನ ಹೆಸರು ಇಡಸೂಣು. ದೊಡ್ಡ ಸಾಹೇಬರು ಬರ್ತಾರ. ನೀ ವೇದಿಕಿ ಮ್ಯಾಲ ಕುಂದ್ರು, ನನ್ನ ಬಾಜು. ರಿಕಾರ್ಡ್ ನಿನ್ನ ಕೈಲೇ ಕೊಡು."

ವೇದಿಕೆ ಎಂಬ ಶಬ್ದ ಕೇಳಿ ಇವರು ಅಂಗಿಯ ಕಾಲರು ಸರಿಮಾಡಿಕೊಂಡರು.

"ಮತ್ತ ಗುರುಗುಂಟಾದ ಗಿರಿಯಮ್ಮಗ ಹೇಳ್ಬೇಕಲ್ಲಣ್ಣ? ಅಜ್ಜನ ಪದ ಹಾಡಾಕಿ ಆಕೀನs ಉಳದಾಳ."

ಸಿದ್ದಲಿಂಗೇಶ ನಕ್ಕ. "ಅಸಲಿ ಸಿಕ್ಕ ಮ್ಯಾಲ ನಕಲಿ ಯಾಕೋ ಹುಚ್ಚಾ? ಬರ್ಲಿ ಬೇಕಾರ, ಕುಂತು ಕೇಳ್ಲಿ."

ಆ ಗಿರಿಯಮ್ಮ ಅದೇ ವಾರ ಸೀತಾಫಲದ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದಳು. ವರ್ಷಾವರ್ಷಾ ಗುಡ್ಡದ ಹಣ್ಣು ಬಿದ್ದಾಗ ತಂದು ಕೊಡುತ್ತಾಳೆ. ಎಪ್ಪತ್ತರ ಮುದುಕಿ. ಹುಡುಗಿಯಾಗಿದ್ದಾಗ ಗ್ಯಾನಪ್ಪಜ್ಜನ ಹಿಂದೆ ತಾಳ ಹಿಡಿದು ಊರೂರು ತಿರುಗಿದವಳು. ಅಜ್ಜನ ನಲವತ್ತು ಪದ ಅವಳ ಬಾಯಲ್ಲಿವೆ, ಇನ್ನೆಲ್ಲೂ ಇಲ್ಲ. ಆಡು ಮೇಯಿಸುವಾಗ, ಭತ್ತ ನಾಟಿ ಮಾಡಲು ಮುಕ್ಕುಂದದ ಕಡೆ ಬಂದಾಗ ಹಾಡುತ್ತಾಳೆ. ಅವಳ ಹಾಡು ಎಲ್ಲರಿಗೂ ತಿಳಿಯುತ್ತದೆ. ಅದೇ ಅವಳ ದೋಷವೆಂದು ಕರಿಬಸಯ್ಯ ಮಾಸ್ತರರ ಅಭಿಪ್ರಾಯ.

ಇವರು ಕಾಟಾಕ್ಕೆ ಹೋಗಿದ್ದರು. ಜಾಹೀದ್ ಹಾಡನ್ನು ನನ್ನ ಮೊಬೈಲಿಗೂ ಇಳಿಸಿಕೊಟ್ಟಿದ್ದ. ಗಿರಿಯಮ್ಮನಿಗೆ ಚಹಾ ಕೊಟ್ಟು ಅದನ್ನು ಹಚ್ಚಿದೆ. ಮುದುಕಿ ಬಸಿಯಲ್ಲಿ ಸುರಿದ ಚಹಾ ಕುಡಿಯದೆ ಕೇಳುತ್ತ ಕೂತಳು. ಎರಡನೆಯ ಸಲ ಬಂದ ಸಾಲಿಗೆ ಗಂಟಲಲ್ಲೇ ದನಿ ಕೂಡಿಸಿದಳು. ಮುಗಿದ ಮೇಲೆ ಮೂಗು ಒರೆಸಿಕೊಂಡಳು.

"ಯಾರವ್ವಾ ಇಂವ? ಬೆನ್ನು ಬಗ್ಗಿಸಿ ದುಡಿದಾವನ ದನಿ ಐತಿ. ಪಾಪ, ಉಂಡಿದ್ದನೋ ಇಲ್ಲೋ ಹಾಡೂ ಮುಂದ."

"ಗ್ಯಾನಪ್ಪಜ್ಜ ಅಂತಾರಲ್ಲಬೇ."

"ಅಯ್ಯ! ಅಜ್ಜನ ದನಿ ನನಗ ತಿಳೀದೇನು? ಅಜ್ಜಂದು ಗಂಟಿ ಹೊಡದಂಗ. ಇದು ದೊರಿ ಪೆಟಗಿ ಹಾಡು. ಅಜ್ಜ ಹಾಡಿದ್ದಕ್ಕ ದೊರಿ ತನ್ನ ಪೆಟಗಿ ಹಚ್ಚಿ ಕೇಳಿಸಿದನಂತ. ಅಜ್ಜ ಮೂರು ಸಲ ಹಚ್ಚಿಸಿ ಕೇಳಿ ಅತ್ತನಂತ. 'ಇಂವ ನಮ್ಮಾವ' ಅಂದನಂತ. ಅದಕ್ಕ ದೊರಿ ಈ ತಾಟು ಕೊಟ್ಟ. ಅಜ್ಜ ನನ್ನ ಮುಂದ ಹತ್ತು ಸಲ ಹೇಳ್ಯಾನ."

"ಇದನ್ನ ಯಾರಿಗೂ ಹೇಳಿಲ್ಲೇನಬೇ?"

"ಯಾರು ಕೇಳ್ಯಾರ?" ಎಂದು ಮುದುಕಿ ಬಸಿ ಎತ್ತಿದಳು.

ರಂಜನಿ ಪುಸ್ತಕ ಬದಿಗಿಟ್ಟು ನನ್ನ ಮೊಬೈಲ್ ಕಸಿದುಕೊಂಡಳು. ಹಾಡಿಗೆ ಕಿವಿಗೊಟ್ಟು ಅದರ ಊರು, ಹೆಸರು ಹೇಳುವ ಯಾವುದೋ ಆಟ ಮೊಬೈಲಿನಲ್ಲಿ ಇದೆಯಂತೆ. ಅರ್ಧ ಗಳಿಗೆಯಲ್ಲಿ ಅವಳ ಕಣ್ಣು ಅಗಲವಾಯಿತು.

"ಅವ್ವಾ! ಅಮೆರಿಕಾದಾವ! ಗಿಟಾರ್ ಬಾರಸ್ತಿದ್ದನಂತ. ಇಂಥ ಹಾಡಿಗೆ ಬ್ಲೂಸ್ ಅಂತಾರಂತ. ಹತ್ತಿ ಹೊಲದಾಗ ಕೂಲಿ ಮಾಡ್ತಿದ್ದ ಕರಿ ಮಂದಿ ಹಾಡು. ಇದು ಇವನ ಮೊದಮೊದಲಿನ ರಿಕಾರ್ಡಂತ. ಮೊದಲು ಮಾಡಿದವು ಎಲ್ಲಾ ಕೂಡಿ ಆರs ಆರು ತಾಟು. ಒಬ್ಬರೂ ತಗೊಳ್ಳಿಲ್ಲಂತ ಆವಾಗ. ಸತ್ತ ಮ್ಯಾಲ ಎಲ್ಲಾರೂ ಹುಡುಕ್ಯಾಡಿದ್ರಂತ." ಅವನ ಹೆಸರನ್ನೂ ಓದಿದಳು. ಉದ್ದ ಹೆಸರು, ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ.

"ನೋಡ್ದ್ಯಾ? ಹತ್ತಿ ಬಿಡಿಸಿದಾವ" ಎಂದಳು ಗಿರಿಯಮ್ಮ, ತನ್ನ ಬೀಗರ ಸುದ್ದಿ ಕೇಳಿದ ಹಾಗೆ.

"ಅಪ್ಪಗ ಹೇಳ್ಲಾ ಅವ್ವಾ?"

ಹೇಳಬೇಕಿತ್ತು. ಆದರೆ ಅದೇ ಸಂಜೆ ಇವರು ಮನೆಗೆ ಬಂದದ್ದು ಆಮಂತ್ರಣ ಪತ್ರಿಕೆಯ ಕಟ್ಟಿನೊಂದಿಗೆ. ಅದರಲ್ಲಿ "ಗ್ಯಾನಪ್ಪಜ್ಜನವರ ಮೊಮ್ಮಗ ಶ್ರೀ ಜಂಬಣ್ಣ" ಎಂದು ಅಚ್ಚಾಗಿತ್ತು. ಹೆಸರಿನ ಮುಂದೆ ಶ್ರೀ ಬಂದದ್ದು ಮದುವೆಯ ಪತ್ರಿಕೆಯ ನಂತರ ಇದೇ ಮೊದಲು. ಆ ಸಾಲಿನ ಮೇಲೆ ಬೆರಳಾಡಿಸಿ, "ಓದು" ಎಂದು ನನ್ನಿಂದ ಮೂರು ಸಲ ಓದಿಸಿದರು. ನಾನು ಓದಿದೆ. ರಂಜನಿಗೆ, "ಕಾರ್ಯಕ್ರಮ ಆಗ್ಲಿ, ಆಮ್ಯಾಲೆ ಹೇಳೀಯಂತ" ಅಂದೆ. ಅವಳು ಬೆಲ್ಲ ಬೇಡವೆಂದಳು.

ಮಸ್ಕಿಯ ಬಸ್ಸಿನಲ್ಲಿ ಇವರು ತಾಟನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅರ್ಧ ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಂದರು.

"ಲೇ, ಒಂದು ವ್ಯಾಳೆ... ಅಜ್ಜ ಅಲ್ಲ ಅಂದ್ರ? ಅಲ್ಲೊಂದು ಕಡೆ 'ಮಾರ್ನಿಂಗ್' ಅಂದಂಗ ಕೇಳ್ತೈತಿ."

ನಾನು ಅವರ ಅಂಗಿಯ ಗುಂಡಿ ಹಾಕಿದೆ. "ಅಜ್ಜನ ದನಿ ನೀವು ಯಾವತ್ತರೆ ಕೇಳೀರೇನ್ರಿ?"

"ಇಲ್ಲ. ನಾ ಹುಟ್ಟೂದ್ರೊಳಗ ಹೋಗಿದ್ದ."

"ಮತ್ತ?"

ಈ 'ಮತ್ತ'ದಲ್ಲಿ ಯಾವ ಸಮಾಧಾನವಿತ್ತೋ ಗೊತ್ತಿಲ್ಲ. ಅವರಿಗೆ ಸಿಕ್ಕಿತು. ಕಿಟಕಿಯ ಹೊರಗೆ ನೋಡುತ್ತ ಕೂತರು. ಮುಂದಿನ ಸೀಟಿನಲ್ಲಿದ್ದ ರಂಜನಿ ತಿರುಗಿ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು.

ಭವನಕ್ಕೆ ಇನ್ನೂ ಸುಣ್ಣದ ವಾಸನೆ ಇತ್ತು. ವೇದಿಕೆಯ ನಡುವೆ ಮೇಜು, ಮೇಜಿನ ಮೇಲೆ ಗ್ರಾಮಫೋನು, ಗ್ರಾಮಫೋನಿನ ಬಾಯಿಗೆ ಜಾಹೀದ್‌ನ ಮೈಕು. ಮೈಕಿನ ಬಾಡಿಗೆ ಗೊತ್ತಾದ ದಿನದಿಂದ ಅವನೂ ಗಿಟಾರಿನ ಮಾತು ಬಿಟ್ಟು ತಂಬೂರಿ ಅನ್ನುತ್ತಿದ್ದ. ಮೇಲೆ ಸಿದ್ದಲಿಂಗೇಶ, ಕರಿಬಸಯ್ಯ ಮಾಸ್ತರು, ರಾಯಚೂರಿನಿಂದ ಬಂದ ದೊಡ್ಡ ಸಾಹೇಬರು. ಅವರ ಪಕ್ಕದಲ್ಲಿ, ಕುರ್ಚಿಯ ತುದಿಗೆ, ಇಳಿಯಲು ತಯಾರಾಗಿ ಕೂತವರಂತೆ ನಮ್ಮವರು. ಗಿರಿಯಮ್ಮ ಹೊಸ ಇಳಕಲ್ ಸೀರೆ ಉಟ್ಟು, ತಾಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಅವಳನ್ನು ಕೊನೆಯ ಸಾಲಿಗೆ, ನೀರಿನ ಕ್ಯಾನಿನ ಹತ್ತಿರ ಕಳಿಸಿದರು. ಅಲ್ಲಿ ಅವಳು ಬಂದವರಿಗೆಲ್ಲ ಲೋಟದಲ್ಲಿ ನೀರು ಕೊಡತೊಡಗಿದಳು. ಯಾರೂ ಹೇಳಿರಲಿಲ್ಲ, ಹತ್ತಿರ ಇದ್ದಳು, ಕೊಟ್ಟಳು.

ಹಾಡು ಸುರುವಾಯಿತು. ಎಂಟು ಸ್ಪೀಕರಿನಲ್ಲಿ ಆ ಅಮೆರಿಕದವನು ಮಸ್ಕಿಯ ಬಜಾರಿಗೆಲ್ಲ ಕೇಳುವಂತೆ ನರಳಿದ. ಜನ ಕಣ್ಣು ಮುಚ್ಚಿ ತಲೆದೂಗಿದರು. ತಲೆದೂಗದೆ ಇದ್ದವರು ಪಕ್ಕದವರನ್ನು ನೋಡಿ ತಲೆದೂಗಿದರು. ಮುಳ್ಳು ನನ್ನ ಗೀರಿನಲ್ಲಿ ಸಿಕ್ಕಿಬಿದ್ದಾಗ ಮಾಸ್ತರು ಬೆರಳೆತ್ತಿ, "ಎಣಸ್ರಿ!" ಎಂದು ಕೂಗಿದರು. ಸಭೆಯೆಲ್ಲ ಒಂದು, ಎರಡು, ಮೂರು ಎಂದು ಎಣಿಸಿತು. ಹದಿನೇಳು ದಾಟಿ ಇಪ್ಪತ್ತಮೂರಾಯಿತು. "ಇವತ್ತು ಅಜ್ಜಗ ಆನಂದ ಆಗೈತಿ" ಎಂದು ಮಾಸ್ತರು ತೀರ್ಪು ಕೊಟ್ಟರು. ಜಾಹೀದ್ ಮುಳ್ಳನ್ನು ಮೆಲ್ಲಗೆ ಮುಂದೆ ತಳ್ಳಿದ.

ಸಾಹೇಬರು ಎದ್ದು ತಾಟಿನ ಹತ್ತಿರ ಬಗ್ಗಿ ದೀರ್ಘವಾಗಿ ಉಸಿರೆಳೆದುಕೊಂಡರು. "ಬಂಧುಗಳೇ, ಇದರಲ್ಲಿ ಈ ನೆಲದ ವಾಸನೆ ಇದೆ" ಎಂದರು. ಮೆಂತ್ಯ ಮತ್ತು ಇಂಗಿನದು. ನಾಲ್ಕು ಸಲ ತೊಳೆದರೂ ಹೋಗಿರಲಿಲ್ಲ.

ಆಮೇಲೆ ಸನ್ಮಾನ. ಸಿದ್ದಲಿಂಗೇಶ ಶಾಲು ಬಿಡಿಸಿದ. ಇವರು ಅರ್ಧ ಎದ್ದರು. ಆದರೆ ಅವನು ಇವರನ್ನು ದಾಟಿ ಹೋಗಿ, "ಅಜ್ಜನಿಗೇ ಹೊದಿಸೋಣ!" ಎಂದು ಶಾಲನ್ನು ಗ್ರಾಮಫೋನಿಗೆ ಹೊದಿಸಿದ. ಮಾಸ್ತರು ಹಾರ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ. ಫೋಟೋದವನು, "ಕಾಟಾ ಅಣ್ಣಾ, ಸ್ವಲ್ಪ ಸರೀರಿ" ಎಂದು ನಮ್ಮವರನ್ನೇ ಬದಿಗೆ ಸರಿಸಿದ. ಅರ್ಧ ಎದ್ದವರು ಕೂರಲೋ ನಿಲ್ಲಲೋ ತಿಳಿಯದೆ, ನಗುತ್ತ, ಹಾಗೇ ಸರಿಯುತ್ತ ವೇದಿಕೆಯ ಅಂಚಿಗೆ ಬಂದು ಚಪ್ಪಲಿಗಳ ಹತ್ತಿರ ನಿಂತರು. ಆ ನಗು ನನಗೆ ಗೊತ್ತು. ಅದನ್ನು ತಪ್ಪಿಸಲೆಂದೇ ನಾನು ಇಷ್ಟು ದಿನ ಬೆಲ್ಲ ತಿನ್ನಿಸಿದ್ದು.

ಸಾಹೇಬರು ಮೈಕು ಹಿಡಿದರು. "ಮಕ್ಕಳೂ ಬಂದಿದ್ದಾರೆ, ಸಂತೋಷ. ಯಾರಾದರೂ ಏನಾದರೂ ಕೇಳುವುದಿದ್ದರೆ ಧೈರ್ಯವಾಗಿ ಕೇಳಿ. ಪ್ರಶ್ನೆ ಕೇಳುವುದೇ ನಮ್ಮ ಶರಣರ ಪರಂಪರೆ."

ರಂಜನಿ ಎದ್ದಳು. ಅವಳ ಲಂಗದ ಅಂಚು ನನ್ನ ಕೈಯಲ್ಲಿತ್ತು. ವೇದಿಕೆಯ ಮೇಲೆ ಜಾಹೀದ್ ತಂತಿಗಳ ನಡುವೆ ಏನೋ ಹುಡುಕುತ್ತ ಬಗ್ಗಿದ. ಮಾಸ್ತರು ಕನ್ನಡಕ ಒರೆಸತೊಡಗಿದರು. ಸಿದ್ದಲಿಂಗೇಶ ನನ್ನ ಕಡೆ ನೋಡಿ, ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಅವರೆಲ್ಲರಿಗೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ನಮ್ಮವರು ಮಾತ್ರ ಚಪ್ಪಲಿಗಳ ಹತ್ತಿರ ನಿಂತಲ್ಲಿಂದ ಮಗಳನ್ನು ನೋಡಿ, ಒಂದೇ ಒಂದು ಸಲ, ಕೇಳು ಎಂಬಂತೆ ತಲೆಯಾಡಿಸಿದರು.

ನಾನು ಲಂಗದ ಅಂಚು ಬಿಟ್ಟೆ.

"ಸಾರ್, ಈ ಹಾಡು ಇಂಗ್ಲಿಷ್ ಐತ್ರಿ. ಅದು ಇರ್ಲಿ ಬಿಡ್ರಿ, ನಿಮಗೆಲ್ಲಾರಿಗೂ ಗೊತ್ತೈತಿ. ನಾ ಕೇಳೂದು ಬ್ಯಾರೆ. ನಮ್ಮ ಮುತ್ತಜ್ಜನ ನಲವತ್ತು ಪದ ಬರೂ ಗಿರಿಯಮ್ಮಜ್ಜಿ ಅಲ್ಲಿ ಹಿಂದ ನಿಂತು ನಿಮಗೆಲ್ಲಾ ನೀರು ಕೊಡಾಕತ್ಯಾಳ. ನೀವು ಶಾಲು ತಗೊಂಡು ನಮ್ಮವ್ವನ ಉಪ್ಪಿನಕಾಯಿ ಮುಚ್ಚಳಕ್ಕ ಯಾಕ ಹೊಚ್ಚೀರಿ?"